ಕಿಟಕಿ ಸಂದಿಗೆ ಪೇಪರ್ ತುರುಕೋರೇ, ಸ್ವಲ್ಪ ನಿಲ್ಲಿ

ಧನುರ್ಮಾಸ ಬಂತು ಅಂದ್ರೆ ನಮ್ಮ ಮೈಸೂರಲ್ಲಿ ಬೆಳಗಿನ ಜಾವ ಕಿಟಕಿ ಪಕ್ಕ ಮಲಗಿದೋರಿಗೆ ಕತ್ತು ಹಿಡ್ಕೊಳ್ಳೋದು ಗ್ಯಾರಂಟಿ. ಆಗ ಈಗಿನ ಹುಡುಗ್ರು ಏನ್ ಮಾಡ್ತಾರೆ, ಸಿಕ್ಕಿದ್ ಪೇಪರ್ ಸಂದಿಗೆ ತುರುಕ್ತಾರೆ, ಇಲ್ಲಾ ಸಿಲಿಕಾನ್ ಟ್ಯೂಬ್ ತಂದು ಸುತ್ತಾ ಮೆತ್ತಿ, ಬೇಸಿಗೇಲಿ ಕಿಟಕಿ ತೆಗಿಯಕ್ಕೆ ಬರಲ್ಲ ಅಂತ ಚಾಕು ಹಿಡ್ಕೊಂಡು ಕೂರ್ತಾರೆ. ಗಾಳಿ ಎಲ್ಲಿಂದ ಬರ್ತಿದೆ ಅಂತಾನೇ ನೋಡ್ದೆ ಮೆತ್ತಿದ್ರೆ ಏನ್ ಬಂತು?

ನೋಡಕ್ಕೆ ಊದುಬತ್ತಿ ಸಾಕು ಕಣ್ರಮ್ಮಾ, ಈ ಊರಲ್ಲಿದ್ಕೊಂಡು ಅದಕ್ಕೇನು ಬರವಾ? ಧೂಪ ಬೇಡ, ಬರೀ ಹೊಗೆ ತುಂಬ್ಕೊಳತ್ತೆ, ತೆಳ್ಳಗಿನ ಕಡ್ಡೀನೇ ಆಗ್ಬೇಕು. ಹೊರಗೆ ಗಾಳಿ ಬೀಸೋ ಹೊತ್ತು ನೋಡಿ, ಆಚೆ ಕಡೆ ಬಾಗ್ಲು ಕಿಟಕಿ ಎಲ್ಲಾ ಮುಚ್ಚಿ, ಒಳಗಿನ ರೂಮ್ ಬಾಗ್ಲು ತೆಗೆದಿಟ್ಟು, ಒಲೆ, ಗೀಸರ್, ಸೀಲಿಂಗ್ ಫ್ಯಾನ್ ಆರ್ಸಿ, ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಒಂದನ್ನ ಹಾಕಿ. ಅದು ಒಳಗಿನ ಗಾಳಿ ಆಚೆ ತಳ್ಳತ್ತಲ್ಲ, ಹೊರಗಿನ ಗಾಳಿ ಸಂದಿಗೊಂದೀಲೆಲ್ಲಾ ನುಗ್ಗಕ್ಕೆ ಶುರು ಮಾಡತ್ತೆ. ಕರ್ಟನ್ ಎತ್ತಿ ಕಟ್ಟಿ, ಬೆಂಕಿ ಗಿಂಕಿ ತಗುಲೀತು. ಕಡ್ಡೀನ ಚೌಕಟ್ಟಿಂದ ಎರಡು ಬೆರಳು ಈಚೆ ಹಿಡ್ದು, ಕೆಳಗಿನ ಮೂಲೆಯಿಂದ ಮೇಲಕ್ಕೆ ಹೋಗಿ, ಗೇಣಿಗೊಂದ್ಸಲ ನಿಲ್ಲಿ, ಮಾತಾಡ್ಬೇಡಿ, ಉಸಿರೂ ಆ ಕಡೆ ಬಿಡ್ಬೇಡಿ. ಹೊಗೆ ನೆಟ್ಟಗೆ ಎದ್ರೆ ಸರಿ, ನಿಮ್ಮ ಕಡೆ ಬಾಗ್ತು ಅಂದ್ರೆ ಅಲ್ಲೇ ಬಳಪದಲ್ಲಿ ಗೀಟು ಹಾಕಿ. ಎರಡು ರೆಕ್ಕೆ ಸೇರೋ ಜಾಗ, ಚಿಲಕದ ತೂತು, ಗಾಜಿನ ಅಂಚು, ಚೌಕಟ್ಟು ಗೋಡೆ ಕೂಡೋ ಕಡೆ, ಯಾವ್ದೂ ಬಿಡಂಗಿಲ್ಲ. ನನ್ ಮಗಳು ಆರತಿ ಎತ್ತಿದಂಗೆ ಒಂದು ಸುತ್ತು ತಿರುಗ್ಸಿ "ಎಲ್ಲೂ ಇಲ್ಲಮ್ಮಾ" ಅಂತಾಳೆ!

ಗೋಡೆ ಕಡೆ ಬಿರುಕಿಗೆ ವೈಟ್ ಸಿಮೆಂಟೋ ಪುಟ್ಟಿನೋ ತುಂಬಿ. ಅಲ್ಲಿ ಸಿಲಿಕಾನೂ ಆಗತ್ತೆ, ಆದ್ರೆ ಧೂಳು ತೇವ ಇದ್ರೆ ಕಚ್ಚಲ್ಲ, ಮಾಮೂಲಿ ಸಿಲಿಕಾನ್ ಮೇಲೆ ಪೇಂಟೂ ಕೂರಲ್ಲ. ತೆಗೆದು ಹಾಕೋ ರೆಕ್ಕೆಗೆ ಮೊದ್ಲು ಹಿಂಜಸ್ ಸ್ಕ್ರೂ ಟೈಟ್ ಮಾಡಿ, ಆಮೇಲೆ ಅದು ಬಂದು ಒತ್ತೋ ಅಂಚಿಗೆ ಫೋಮ್ ಟೇಪ್ ಅಂಟ್ಸಿ, ತೀರಾ ದಪ್ಪ ತಂದ್ರೆ ಚಿಲಕ ಬೀಳಲ್ಲ. ನಮ್ಮತ್ತೆ ಮಂಡ್ಯದ ಮನೇಲಿ ಹಳೇ ಹತ್ತಿ ಸೀರೆ ಹರಿದು ಮೈದಾ ಅಂಟಲ್ಲಿ ಅಂಟ್ಸೋರು, ಗಾಳಿ ನಿಲ್ತಿತ್ತು ಆದ್ರೆ ಜಿರಲೆಗಳಿಗೆ ಹಬ್ಬ.

ಇನ್ನೊಂದು, ಮರದ ಕಿಟಕಿ ಮಳೆಗಾಲದಲ್ಲಿ ಊದ್ಕೊಳತ್ತೆ, ಆಷಾಢದಲ್ಲಿ ಬಿಗಿ ಆಯ್ತು ಅಂತ ಆಚಾರಿ ಕರ್ಸಿ ಕೀಸಿಸಿದ್ರೆ ಚಳಿಗಾಲಕ್ಕೆ ಬೆರಳು ತೂರೋ ಸಂದಿ ಗ್ಯಾರಂಟಿ. ಹಾಗೇ ಕಿಟಕಿ ಹತ್ರ ಹೋದ್ರಲ್ಲ, ಸೊಳ್ಳೆ ಮೆಶ್ಶೂ ಕ್ಲೀನ್ ಮಾಡಿ, ಒಣ ಬ್ರಶ್ಶಲ್ಲಿ ಧೂಳು ಉದುರಿಸಿ ಆಮೇಲೆ ಒದ್ದೆ ಬಟ್ಟೆ. ಮೊದ್ಲೇ ನೀರು ಹುಯ್ದು ಕೆಸರು ಮಾಡೋರನ್ನ ಕಂಡ್ರೆ ಮೈ ಉರಿಯತ್ತೆ.

ಸ್ಲೈಡಿಂಗ್ ಕಿಟಕಿಗೆ ಸವೆದಿರೋ ಬ್ರಶ್ ಪಟ್ಟಿ ಬದಲಾಯ್ಸಿ, ಕೆಳಗಿನ ಟ್ರ್ಯಾಕಲ್ಲಿರೋ ಸಣ್ಣ ತೂತು ಮಾತ್ರ ಮುಚ್ಬೇಡಿ, ಅದು ಮಳೆನೀರು ಆಚೆ ಹೋಗಕ್ಕೆ ಇರೋದು. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ರೆ ಅಲ್ಲಿನ ವೆಂಟಿಲೇಟರ್ ತಂಟೆಗೇ ಹೋಗ್ಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದ್ರೆ ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇರಲ್ಲ, ಗೊತ್ತಾಗೋ ಹೊತ್ತಿಗೆ ಪ್ರಜ್ಞೆ ತಪ್ಪಿರತ್ತೆ. ಚಳಿ ಆದ್ರೆ ಇನ್ನೊಂದು ಚೊಂಬು ಬಿಸಿನೀರು ಹುಯ್ಕೊಳಿ.