85 ಅಂದ್ರ ಡಿಸ್ಟಿಂಕ್ಷನ್ ಅಲ್ರಿ: ಐಕ್ಯೂ ನಂಬರ್ ಓದೋದು ಕಲಿತ ನನ್ನ ಅನುಭವ

ಗಂಗಾವತಿ ಕಡಿಯಿಂದ ಬಂದಿದ್ದ ಒಬ್ಬರಿಗೆ ಮಗಳ ರಿಪೋರ್ಟ್ ಕೊಟ್ಟೆ. ಕೊನಿ ಪುಟದಾಗ 85 ಅಂತ ಇತ್ತು. ಅದನ್ನ ನೋಡಿದ ಕೂಡ್ಲೆ ಮುಖ ಅರಳಿ, "ಡಿಸ್ಟಿಂಕ್ಷನ್ ಬಂದಾಳಲ್ರಿ ಮೇಡಂ, ಮತ್ತ ಶಾಲ್ಯಾಗ ಯಾಕ ದಡ್ಡಿ ಅಂತಾರ?" ಅಂದ್ರು. ನಗಾಕ ಬರ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡಿ ಬೆಳದ ನಾಡಾಗ 85 ಅಂದ್ರ ಮತ್ತೇನ್ ತಿಳ್ಕೋಬೇಕು ಪಾಪ, ತಪ್ಪು ಅವರದಲ್ಲ, ಬರೇ ನಂಬರ್ ಬರದು ಕೈಯಾಗಿಟ್ಟಾಕಿ ನಾನು.

ನಾನು ಕೊಪ್ಪಳದಾಗ ಹದಿನಾಕು ವರ್ಷದಿಂದ ಮಕ್ಕಳಿಗೆ ಬುದ್ಧಿಮತ್ತೆ ಪರೀಕ್ಷೆ ಮಾಡ್ತೀನಿ. ಮೊದಲ ನಾಕೈದು ವರ್ಷ ನಾನೂ ಆ ನಂಬರ್‌ನ್ನ ಥರ್ಮಾಮೀಟರ್ ಓದಿದಂಗ ಓದ್ತಿದ್ದೆ, ಖರೇ ಹೇಳ್ಬೇಕಂದ್ರ. 69 ಅಂದ್ರ 69, 71 ಅಂದ್ರ 71, ಮುಗೀತು.

ಈಗ ನಾನು ತಂದಿ-ತಾಯಿಗೆ ಹಿಂಗ ಹೇಳ್ತೀನಿ. ನಿಮ್ಮ ಮಗಳ ವಯಸ್ಸಿನ ನೂರು ಮಕ್ಕಳನ್ನ ಪ್ರೇಯರ್‌ಗೆ ನಿಲ್ಸಿದಂಗ ಸಾಲಾಗಿ ನಿಲ್ಸ್ರಿ, ಕಡಿಮಿ ಮಾಡಿದವರು ಹಿಂದ, ಚಲೋ ಮಾಡಿದವರು ಮುಂದ. ನಟ್ಟನಡುವ ನಿಂತ ಮಗುಗ 100 ಅಂತ ಹೆಸರಿಟ್ಟಾರ, ನೂರಕ್ಕ ನೂರು ಅಂತಲ್ಲ. 85ರಿಂದ 115ರ ಒಳಗ ಸುಮಾರು 68 ಮಕ್ಕಳು ಬರ್ತಾರ. 70ರ ಕೆಳಗ ಹೆಚ್ಚು ಕಡಿಮಿ ಇಬ್ಬರು. 85 ಅಂದ್ರ ಹಿಂದಿನಿಂದ ಎಣಿಸಿದ್ರ ಹದಿನಾರನೇದ್ದು ಅಂತ ತಿಳ್ಕೋರಿ. ಅಂದ್ರ ಅದು ಎಷ್ಟು ಬುದ್ಧಿ ಐತಿ ಅನ್ನೋ ಅಳತಿ ಅಲ್ಲ, ಸಾಲಿನಾಗ ಎಲ್ಲಿ ನಿಂತೈತಿ ಅನ್ನೋದು, ಅದೂ ಆ ಸಾಲಿನಾಗ ಬ್ಯಾರೆ ಯಾರ ಮಕ್ಕಳು ನಿಂತಿದ್ರು ಅನ್ನೋದರ ಮ್ಯಾಲ.

ಆ ಹುಡುಗಿ ವಿಚಾರಕ್ಕ ಬಂದ್ರ ಅಕಿದು 85 ಅನ್ನೋದೇ ಸುಳ್ಳು ನಂಬರ್. ನಾನು ಬಳಸಿದ್ದು ಮಾಲಿನ್ ಅವರ ಭಾರತೀಯ ಮಕ್ಕಳ ಸ್ಕೇಲ್, 1969ರದ್ದು, ಅದರಾಗ ಮಾತಿನ ಭಾಗ ಒಂದು, ಕೈಲೆ ಮಾಡೋ ಭಾಗ ಒಂದು, ಎರಡರ ಸರಾಸರಿ ತಗೊಂಡು ಒಟ್ಟು ಐಕ್ಯೂ ಬರೀಬೇಕು. ಮಾತಿನ್ಯಾಗ 72, ಕೈಲೆ ಮಾಡೋದ್ರಾಗ 98. ಕೂಡ್ಸಿ ಭಾಗಿಸಿದ್ರ 85. ಒಂದು ಕಾಲು ಕೆಂಡದ ಮ್ಯಾಲ, ಒಂದು ಕಾಲು ಐಸ್ ಮ್ಯಾಲ ಇಟ್ಟಾಕಿಗೆ ಸರಾಸರಿ ಬೆಚ್ಚಗದಾಳ ಅಂದಂಗಾತು. 26 ಅಂಕದ ಫರಕು ಬಂದ್ರ ಸರಾಸರಿ ಪಕ್ಕಕ್ಕಿಟ್ಟು ಯಾಕ ಅಂತ ಕೇಳ್ಬೇಕು. ನಾನು ಪ್ರಶ್ನೆ ಕೇಳುವಾಗ ಆ ಹುಡುಗಿ ಪ್ರತಿ ಸಲ ಎಡಗಿವಿ ನನ್ನ ಕಡಿ ಮಾಡಿ ನನ್ನ ತುಟಿ ನೋಡ್ತಿತ್ತು, ನಾಚ್ಕಿ ಅಂದ್ಕೊಂಡಿದ್ದೆ. ಅವರವ್ವನ್ನ ಕೇಳಿದ್ರ "ಸಣ್ಣಾಕಿ ಇದ್ದಾಗಿಂದ ಬಲಗಿವಿ ಸೋರ್ತೈತ್ರಿ" ಅಂದ್ರು, ಏನೋ ಸಣ್ಣ ವಿಷ್ಯ ಅನ್ನಂಗ. ಮೊದಲು ಕಿವಿ ಡಾಕ್ಟರ್ ಹತ್ರ ಕಳಿಸಿ ಕಿವಿ ಟೆಸ್ಟ್ ಮಾಡ್ಸಿ ಆಮ್ಯಾಲ ನನ್ನ ಹತ್ರ ಕುಂದ್ರಿಸಬೇಕಿತ್ತು, ಉಲ್ಟಾ ಆತು. ಈಗ ಕಣ್ಣು ಕಿವಿ ಚೀಟಿ ಇಲ್ಲದ ನಾನು ಟೆಸ್ಟ್ ಪೆಟ್ಟಿಗಿ ತೆಗ್ಯಂಗಿಲ್ಲ.

ಇನ್ನೊಬ್ಬ ಹುಡುಗನ ಕಥಿ ಸ್ವಲ್ಪ ಉದ್ದ ಐತಿ, ನನಗ ಹೆಚ್ಚು ಕಲಿಸಿದ್ದು ಅವನೇ. ಕುಷ್ಟಗಿ ತಾಲ್ಲೂಕಿನವನು, ಐದನೇ ಕ್ಲಾಸು, ಅಜ್ಜಿ ಜೊತಿ ಬಂದಿದ್ದ, ಅಪ್ಪ ಅವ್ವ ಬೆಂಗಳೂರಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾರ. ಶಾಲಿಯಿಂದ ಚೀಟಿ ಬಂದಿತ್ತು, ಓದಾಕ ಬರಂಗಿಲ್ಲ, ಬುದ್ಧಿಮಾಂದ್ಯ ಇರಬಹುದು, ಸರ್ಟಿಫಿಕೇಟ್ ಸಲುವಾಗಿ ನೋಡ್ರಿ ಅಂತ. ಅವನಿಗೆ ಬಿನೆ-ಕಾಮತ್ ಟೆಸ್ಟ್ ಮಾಡ್ದೆ. ನಮ್ಮ ಕಡಿ ಮಂದಿಗೆ ಇದು ಗೊತ್ತಿರಬೇಕಾದ ವಿಷ್ಯ: 1905ರಾಗ ಪ್ಯಾರಿಸ್‌ನಾಗ ಬಿನೆ ಮತ್ತು ಸಿಮೊನ್ ಮಾಡಿದ ಪರೀಕ್ಷೆನ ವಿ. ವಿ. ಕಾಮತ್ ಅವರು 1934ರಾಗ ಧಾರವಾಡ ಭಾಗದ ಮಕ್ಕಳಿಗೆ ಕನ್ನಡ ಮರಾಠಿ ಎರಡರಾಗೂ ಹೊಂದಿಸಿದ್ರು. ಬಿನೆಗೆ ಬೇಕಾಗಿದ್ದು ಯಾವ ಮಕ್ಕಳಿಗೆ ಶಾಲ್ಯಾಗ ಹೆಚ್ಚಿನ ಸಹಾಯ ಬೇಕು ಅಂತ ಹುಡುಕೋದು ಅಷ್ಟ, ಹುಟ್ಟಿನಿಂದ ಬಂದ ಬುದ್ಧಿ ಅಳತಿ ಮಾಡೋದಲ್ಲ.

ಈ ಟೆಸ್ಟಿನ್ಯಾಗ ಲೆಕ್ಕ ಸರಳ, ಮಾನಸಿಕ ವಯಸ್ಸನ್ನ ಖರೇ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸೋದು. ಹುಡುಗನ ಮಾನಸಿಕ ವಯಸ್ಸು ಏಳು ವರ್ಷ ಬಂತು, ಅಂದ್ರ 84 ತಿಂಗಳು. ಶಾಲಿ ದಾಖಲಿ ಪ್ರಕಾರ ಹುಟ್ಟಿದ್ದು ಜೂನ್ 1. ನಾನು ಟೆಸ್ಟ್ ಮಾಡಿದ್ದು ಆಗಸ್ಟ್‌ನಾಗ, ಹತ್ತು ವರ್ಷ ಎರಡು ತಿಂಗಳು, 122 ತಿಂಗಳು. 69 ಬಂತು. ಬುದ್ಧಿಮಾಂದ್ಯಕ್ಕ ನೋಡೋ 70ರ ಗೆರಿ ಕೆಳಗ.

ಜೂನ್ 1 ಅಂದ ಕೂಡ್ಲೆ ನಮ್ಮ ಕಡಿ ಮಂದಿ ನಕ್ಕಿರ್ತೀರಿ, ನಮ್ಮ ಮನ್ಯಾಗೂ ಮೂರು ಮಂದಿದು ಅದೇ ಹುಟ್ಟಿದ ದಿನ. ಹೆಸರು ಹಚ್ಚುವಾಗ ಮಾಸ್ತರು ವಯಸ್ಸು ಕೂಡ್ಲಿ ಅಂತ ಬರದಿರ್ತಾರ. ಅಜ್ಜಿಗೆ ಕೇಳ್ದೆ, "ಯಮ್ಮಾ, ಇವ ಖರೇವಂದ್ರೂ ಯಾವಾಗ ಹುಟ್ಟ್ಯಾನ?" ಅಜ್ಜಿ ಒಂದು ನಿಮಿಷನೂ ಯೋಚ್ನಿ ಮಾಡ್ಲಿಲ್ಲ, "ಗವಿಮಠದ ಅಜ್ಜನ ತೇರು ಎಳದ ಮರುದಿನ ನೋಡವಾ, ಇವರವ್ವಗ ಜಾತ್ರಿಗೆ ಹೋಗಾಕ ಬಿಡ್ಲಿಲ್ಲಂತ ಅತ್ತಿದ್ಲು" ಅಂದ್ಲು. ಗವಿಸಿದ್ಧೇಶ್ವರ ಜಾತ್ರಿ ಬರೋದು ಪುಷ್ಯ ಮಾಸದಾಗ, ಜನವರಿ ಸುಮಾರು. ಅಂಗನವಾಡಿಯಿಂದ ತಾಯಿ ಕಾರ್ಡ್ ತರ್ಸಿದೆ, ಅಜ್ಜಿ ಮಾತು ಖರೇ ಇತ್ತು, ದಾಖಲಿಗಿಂತ ಏಳು ತಿಂಗಳು ಆಮ್ಯಾಲ ಹುಟ್ಟ್ಯಾನ. 84ನ್ನ 115ರಿಂದ ಭಾಗಿಸಿದ್ರ 73. ಹುಡುಗ ಅದೇ, ಉತ್ತರ ಅದೇ, ಬದಲಾಗಿದ್ದು ಮಾಸ್ತರ ಪೆನ್ನು ಅಷ್ಟ. ಆ ರಾತ್ರಿ ನನ್ನ ಹಳೇ ಫೈಲುಗಳಾಗ ಎಷ್ಟು ಜೂನ್ 1 ಅದಾವೋ ಅಂತ ನಿದ್ದಿ ಬರಲಿಲ್ಲ.

69 ಆಗ್ಲಿ 73 ಆಗ್ಲಿ, ಎರಡೂ ಒಂದೇ ಅನ್ನೋದು ಇನ್ನೊಂದು ಮಾತು. ಎಷ್ಟು ಚಲೋ ಟೆಸ್ಟ್ ಇದ್ರೂ ಐದಾರು ಅಂಕ ಆಚಿ ಈಚಿ ಆಗ್ತೈತಿ, ಹುಡುಗ ಬೆಳಿಗ್ಗೆ ಉಂಡಿದ್ನೋ ಇಲ್ಲೋ, ಬಸ್ಸಿನಾಗ ವಾಂತಿ ಮಾಡಿದ್ನೋ, ನನಗ ಅವತ್ತು ತಲಿನೋವಿತ್ತೋ, ಎಲ್ಲಾ ಅದರಾಗ ಸೇರ್ತೈತಿ. ಅದಕ್ಕ ಒಂದೇ ನಂಬರ್ ಬರ್ಯೋದು ಬಿಟ್ಟೀನಿ, "67ರಿಂದ 79ರ ನಡುವ" ಅಂತ ಬರೀತೀನಿ. ಮಗನಿಗೆ 118, ಅವನ ಕಾಕಾನ ಮಗನಿಗೆ 114 ಅಂತ ಜಗಳ ಮಾಡ್ಕೊಂಡು ಬಂದವರಿಗೂ ಇದೇ ಉತ್ತರ. ಮೊಬೈಲ್‌ನಾಗ ಹತ್ತು ನಿಮಿಷಕ್ಕ 142 ಕೊಡೋ ಟೆಸ್ಟ್ ಬಗ್ಗೆ ನನ್ನ ಕೇಳ್ಬ್ಯಾಡ್ರಿ.

ಮಾತಿನ ವಿಚಾರ. ಟೆಸ್ಟಿನ ಪ್ರಶ್ನೆ ಹೊರಗ ಹೇಳಂಗಿಲ್ಲ, ಹೇಳಿದ್ರ ಟೆಸ್ಟೇ ಕೆಡ್ತೈತಿ, ಅದಕ್ಕ ಅದರಂಗ ನಾನೇ ಕಟ್ಟಿದ ಒಂದು ಪ್ರಶ್ನೆ ಹೇಳ್ತೀನಿ: "ಎತ್ತಿಗೂ ಟ್ರ್ಯಾಕ್ಟರಿಗೂ ಇರುವ ಸಾಮ್ಯತೆ ಏನು?" ಈ ಹುಡುಗ ಇಂಥವಕ್ಕೆಲ್ಲಾ ಗ್ವಾಡಿ ನೋಡ್ಕೊಂತ ಕುಂತ. ನಿಯಮ ಪ್ರಕಾರ ಸೊನ್ನಿ, ಟೆಸ್ಟ್ ನಡದಾಗ ನಾನು ಶಬ್ದ ಬದಲ ಮಾಡಂಗಿಲ್ಲ, ಮಾಡಿದ್ರ ಉಳದ ಮಕ್ಕಳ ಜೊತಿ ಹೋಲಿಸಾಕ ಬರಂಗಿಲ್ಲ. ಪೂರ್ತಿ ಮುಗದು ಅಂಕ ಬರಕೊಂಡ ಮ್ಯಾಲ ಬ್ಯಾರೆ ಹಾಳಿ ತಗೊಂಡು ಮತ್ತ ಕೇಳಬಹುದು, ಹಂಗ ಮಾಡ್ದೆ. "ತಮ್ಮಾ, ಎತ್ತು, ಟ್ರ್ಯಾಕ್ಟರು, ಎರಡೂ ಯಾವುದ್ರಾಗ ಒಂದ?" "ಎರಡೂ ಹೊಲ ಹರಗ್ತಾವ್ರಿ, ಆದ್ರ ಎತ್ತಿಗೆ ಡೀಸೆಲ್ ಬ್ಯಾಡ." ಸಾಮ್ಯತೆ ಅನ್ನೋ ಶಬ್ದ ಅವ ಕೇಳಿರಲಿಲ್ಲ, ಅಷ್ಟ. ಈ ಎರಡನೇ ಹಾಳಿ ಅಂಕ ಐಕ್ಯೂನಾಗ ಸೇರಸಂಗಿಲ್ಲ, ಆದ್ರ ರಿಪೋರ್ಟಿನ್ಯಾಗ ಅದಕ್ಕೊಂದು ಪ್ಯಾರಾ ಇರ್ತೈತಿ, ನನ್ನ ಕೇಳಿದ್ರ ಓದೋದು ಅದನ್ನೇ ಮೊದಲು ಓದ್ಬೇಕು.

ಹುಡುಗ ಎರಡು ವರ್ಷ ಅಪ್ಪ ಅವ್ವನ ಜೊತಿ ಬೆಂಗಳೂರಾಗ ಶೆಡ್‌ನಾಗಿದ್ದ, ಶಾಲಿ ಮುಖ ನೋಡಿಲ್ಲ. ಒಂದು ವರ್ಷ ಹೆಚ್ಚು ಶಾಲಿ ಕಲಿತ್ರ ಸ್ಕೋರು 1ರಿಂದ 5 ಅಂಕ ಏರ್ತೈತಿ ಅಂತ ಆರು ಲಕ್ಷಕ್ಕೂ ಹೆಚ್ಚು ಮಂದಿ ಲೆಕ್ಕ ಸೇರಿದ 2018ರ ಒಂದು ವಿಶ್ಲೇಷಣೆ ಹೇಳ್ತೈತಿ. ಹಂಗಿದ್ದಾಗ ಶಾಲಿಗೇ ಹೋಗದವನ ನಂಬರ್ ಯಾರ ಲೆಕ್ಕಕ್ಕ ಹಾಕ್ಬೇಕು?

ಇದರ ಉಲ್ಟಾ ತೊಂದ್ರಿನೂ ಐತಿ, ಹೇಳದಿದ್ರ ಅನ್ಯಾಯ. ಟೆಸ್ಟಿನ ಸಾಲು ಹಳೇದಾದಷ್ಟು ಸ್ಕೋರು ಉಬ್ತೈತಿ. ಅಮೆರಿಕದಾಗ 1932ರಿಂದ 1978ರ ಒಳಗ ಮಂದಿ ಸರಾಸರಿ ಸ್ಕೋರೇ ಸುಮಾರು 14 ಅಂಕ ಏರಿದ್ದನ್ನ ಸಂಶೋಧಕ ಜೇಮ್ಸ್ ಫ್ಲಿನ್ ತೋರ್ಸಿದ್ರು, ಹತ್ತು ವರ್ಷಕ್ಕ ಮೂರರ ಲೆಕ್ಕ. ನಾವು ಇನ್ನೂ 1934ರ ಧಾರವಾಡದ ಮಕ್ಕಳ ಸಾಲಿನಾಗ ಇವತ್ತಿನ ಹುಡುಗನ್ನ ನಿಲ್ಸಾಕತ್ತೀವಿ. ಒಂದು ಕಡಿ ಜಗ್ಗಿದ್ರ ಇನ್ನೊಂದು ಕಡಿ ಉಬ್ಬಸ್ತೈತಿ, ಎಷ್ಟಕ್ಕ ಎಷ್ಟು ಅಂತ ಹೇಳೋ ತಕ್ಕಡಿ ನನ್ನ ಹತ್ರ ಇಲ್ಲ.

ಅದಕ್ಕ ಸ್ಕೋರ್ ಒಂದರ ಮ್ಯಾಲ ಬುದ್ಧಿಮಾಂದ್ಯ ಅನ್ನಂಗಿಲ್ಲ. ದಿನದ ಬದುಕು ಹೆಂಗ ನಡಸ್ತಾನ ಅನ್ನೋದೂ ನೋಡಲೇಬೇಕು, ಅದಕ್ಕ ವೈನ್‌ಲ್ಯಾಂಡ್ ಸ್ಕೇಲ್ ಬಳಸ್ತೀವಿ, ಮನಿಯವರ ಜೊತಿ ಮಾತಾಡಿ ಸಾಮಾಜಿಕ ವಯಸ್ಸು ತಗೀಯೋದು. ಅಜ್ಜಿ ಹೇಳಿದ್ದು ಕೇಳಿ ಬರಿಯಾಕತ್ತಿದ್ದೆ: ಒಬ್ಬನೇ ಬಸ್ ಹತ್ತಿ ಸಂತಿಗೆ ಹೋಗ್ತಾನ, ನಾಕು ಆಡು ಮೇಯಸ್ತಾನ, ಸೋದರಮಾವನ ಒಗ್ಗರಣಿ-ಮಿರ್ಚಿ ಬಂಡಿ ಮ್ಯಾಲ ಸಂಜಿಮುಂದ ಗಲ್ಲಾ ನೋಡ್ತಾನ. ಗಲ್ಲಾ ಅಂದದ್ದಕ್ಕ ನನಗ ನಂಬಿಕಿ ಬರಲಿಲ್ಲ, ಟೆಸ್ಟಿನ್ಯಾಗ ಬಾಯಿಲೆಕ್ಕಕ್ಕ ಕೈ ಚೆಲ್ಲಿದ್ದ. ಒಂದಿನ ಆ ಕಡಿ ಹೋಗಿದ್ದಾಗ ಬಂಡಿ ಮುಂದ ನಿಂತೆ. ಎರಡು ಒಗ್ಗರಣಿ, ಮೂರು ಪ್ಲೇಟ್ ಮಿರ್ಚಿ, ಎರಡು ಚಾ. 200ರ ನೋಟು ಕೊಟ್ಟೆ. ಒಗ್ಗರಣಿ 30, ಮಿರ್ಚಿ 20, ಚಾ 10. ಹುಡುಗ ಬೆರಳೂ ಮಡಚಲಿಲ್ಲ, ಎಣ್ಣಿ ಕೈ ಪ್ಯಾಂಟಿಗೆ ವರಸಿ 60 ರೂಪಾಯಿ ಕೊಟ್ಟ, ನನ್ನ ಗುರ್ತು ಸೈತ ಹಿಡೀಲಿಲ್ಲ.

ಬುದ್ಧಿಮಾಂದ್ಯ ಅಲ್ಲ, ಓದು ಬರಹ ಮೂರನೇ ಕ್ಲಾಸಿನಿಂದ ಮತ್ತ ಸುರು ಮಾಡ್ರಿ, ಒಂದು ವರ್ಷ ಬಿಟ್ಟು ಕರ್ಕೊಂಡ್ ಬರ್ರಿ, ಆಗಲೂ ಓದಾಕ ಬರದಿದ್ರ ಕಲಿಕಾ ನ್ಯೂನತೆ ಐತೇನೋ ನೋಡೋಣ, ಅದು ಬ್ಯಾರೆ ವಿಷ್ಯ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಾಗ ಅದಕ್ಕೂ ಜಾಗ ಐತಿ ಅಂತ ಮೂರು ಪುಟ ಬರದು ಕಳಿಸಿದೆ. ಎಂಟು ದಿನಕ್ಕ ಶಾಲಿಯಿಂದ ಫೋನ್ ಬಂತು.

"ಮೇಡಂರೀ, 67ರಿಂದ 79 ಅಂತ ಬರದೀರಿ, ನಮ್ಮ ಫಾರ್ಮಿನ್ಯಾಗ ಒಂದೇ ನಂಬರ್ ಹಿಡೀತೈತಿ."

73 ಹಾಕ್ರಿ ಅಂದೆ. ಮೊದಲು ಅವನ ಹುಟ್ಟಿದ ದಿನ ತಿದ್ರಿ ಅಂತನೂ ಅಂದೆ. ಅದು ಕೋರ್ಟಿಗೆ ಹೋಗೋ ಕೆಲಸ್ರಿ ಮೇಡಂ, ಅದನ್ನ ಬಿಡ್ರಿ ಅಂದ್ರು.