ಉಪ್ಪಿನ ಬಿಸಿಗೆ ತಡೆಯುವ ನಿಕಲ್ ಸೂಪರ್‌ಅಲಾಯ್: 5 ಕೆಜಿಯ ಒಂದು ಹೀಟ್ (ಒಮ್ಮೆಗೆ ಕರಗಿಸುವ ಲೋಹ)

ಸೂಪರ್‌ಅಲಾಯ್ ಅಂದರೆ ಗ್ಯಾಸ್ ಟರ್ಬೈನ್ ಬ್ಲೇಡ್‌ನಂಥ ಭಾಗಗಳಿಗೆ ಬೇಕಾದ, ಭಾರೀ ಬಿಸಿಯಲ್ಲೂ ಬಲ ಉಳಿಸಿಕೊಳ್ಳುವ ಮಿಶ್ರಲೋಹ. ಅದರ ಸಂಯೋಜನೆ ಬರೆಯುವ ಮುಂಚೆ, ಮಾಡಬೇಕಾದ ಭಾಗ ಎಷ್ಟು ಡಿಗ್ರಿಯಲ್ಲಿ, ಯಾವ ಉಪ್ಪಿನ ಜೊತೆ ಬಾಳಬೇಕು ಅನ್ನುವುದನ್ನು ತಿಳಿದುಕೊಳ್ಳಿ. ಸೋಡಿಯಂ ಸಲ್ಫೇಟ್ 884 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ, ಲೋಹವನ್ನು ಕಾಯುವ ಆಕ್ಸೈಡ್ ಪೊರೆಯನ್ನು ತಿನ್ನುತ್ತದೆ. ಆ ಉಪ್ಪಿನಿಂದ ಒಳನುಗ್ಗಿದ ಗಂಧಕ ಕ್ರೋಮಿಯಂ ಅನ್ನು ಹಿಡಿದುಕೊಂಡು ಸಲ್ಫೈಡ್ ಮಾಡುತ್ತದೆ. 700 ಡಿಗ್ರಿಯ ಆಸುಪಾಸಿನಲ್ಲಿ ಸೋಡಿಯಂ, ನಿಕಲ್ ಸಲ್ಫೇಟ್ ಬೆರೆತು 671ಕ್ಕೇ ಕರಗುವುದರಿಂದ ಗುಳಿ ಬೀಳುತ್ತವೆ. ಎರಡಕ್ಕೂ ಮದ್ದು ಶೇ. 16ರ ಹತ್ತಿರದ ಕ್ರೋಮಿಯಂ. 1000 ಡಿಗ್ರಿ ಮೀರಿದರೆ ಕ್ರೋಮಿಯಂ ಆಕ್ಸೈಡ್ ಆವಿಯಾಗತೊಡಗುತ್ತದೆ. ಅಲ್ಲಿ ಅಲ್ಯುಮಿನಿಯಂ ಹೆಚ್ಚಿರುವ ಬೇರೆ ಮಿಶ್ರಣವೇ ಬೇಕು.

ಐಎನ್-738 ಎಂಬ ಹೆಸರಿನ ನಿಕಲ್ ಸೂಪರ್‌ಅಲಾಯ್ ಆಧಾರದ 5 ಕೆಜಿಗೆ: ಕ್ರೋಮಿಯಂ 800 ಗ್ರಾಂ, ಕೋಬಾಲ್ಟ್ 425, ಟಂಗ್‌ಸ್ಟನ್ 130, ಮಾಲಿಬ್ಡಿನಂ 88, ಟ್ಯಾಂಟಲಂ 88, ನಿಯೋಬಿಯಂ 45, ಅಲ್ಯುಮಿನಿಯಂ 170, ಟೈಟಾನಿಯಂ 170, ಇಂಗಾಲ 5.5, ಜಿರ್ಕೋನಿಯಂ 2.5, ಬೋರಾನ್ ಅರ್ಧ ಗ್ರಾಂ. ಉಳಿದ ಸುಮಾರು 3,075 ಗ್ರಾಂ ನಿಕಲ್. ಅರ್ಧ ಗ್ರಾಂ ಬೋರಾನ್ ಅನ್ನು ಬಿಡಿಯಾಗಿ ಹಾಕಿದರೆ ಕೈಗೆ ನಿಲ್ಲದು, ನಿಕಲ್-ಬೋರಾನ್ ತುಂಡಿನ ರೂಪದಲ್ಲಿ ಹಾಕಿ. ಮಾಲಿಬ್ಡಿನಂ ಹೆಚ್ಚಿಸುವ ಆಸೆ ಬೇಡ. ಅದರ ಆಕ್ಸೈಡ್ ಉಪ್ಪನ್ನು ಆಮ್ಲೀಯವಾಗಿಸಿ ಪೊರೆ ಕರಗಿಸುತ್ತದೆ. ಸಂಯೋಜನೆ ಬದಲಿಸಿದಾಗಲೆಲ್ಲ, ಗಾಮಾ ಪ್ರೈಮ್ (ಬಲ ಕೊಡುವ ನಿಕಲ್-ಅಲ್ಯುಮಿನಿಯಂ-ಟೈಟಾನಿಯಂ ಕಣಗಳು) ಮತ್ತು ಕಾರ್ಬೈಡ್‌ಗಳ (ಇಂಗಾಲ ಸೇರಿದ ಕಣಗಳು) ಪಾಲನ್ನು ಕಳೆದು, ಉಳಿದ ಮ್ಯಾಟ್ರಿಕ್ಸ್‌ನ, ಅಂದರೆ ಮೂಲ ಲೋಹದ, ಎನ್‌ವಿ (ಎಲೆಕ್ಟ್ರಾನ್ ಖಾಲಿ ಜಾಗಗಳ ಸರಾಸರಿ ಸಂಖ್ಯೆ) ಲೆಕ್ಕ ಹಾಕಿ. ಅದು 2.4ರ ಆಸುಪಾಸು ದಾಟಿದರೆ ದೀರ್ಘ ಬಿಸಿಯಲ್ಲಿ ಸಿಗ್ಮಾ ಎಂಬ ಪೆಡಸು ಹರಳಿನ ಸೂಜಿಗಳು ಬೆಳೆದು ಭಾಗ ಪೆಡಸಾಗುತ್ತದೆ.

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದ ಫೌಂಡ್ರಿಗಳಲ್ಲಿ ಬೀಡು ಕರಗಿಸಿ ಪಳಗಿದ ಕೈ ಎಡವುವುದು ಮುಖ್ಯವಾಗಿ ಮೂರು ಕಡೆ. ಕುಲುಮೆಗೆ ಸಿಲಿಕಾ ಲೈನಿಂಗ್ ಬಳಸಿದರೆ ಅಲ್ಯುಮಿನಿಯಂ ಅದರ ಆಮ್ಲಜನಕ ಕಿತ್ತುಕೊಂಡು ಸಿಲಿಕಾನ್ ಅನ್ನು ಲೋಹಕ್ಕೆ ಬಿಡುತ್ತದೆ. ಅಲ್ಯುಮಿನಾ ಇಲ್ಲವೇ ಸ್ಪಿನೆಲ್ (ಮೆಗ್ನೀಸಿಯಂ-ಅಲ್ಯುಮಿನಿಯಂ ಆಕ್ಸೈಡ್) ಕ್ರೂಸಿಬಲ್ ತೆಗೆದುಕೊಳ್ಳಿ. ಫೆರೋಕ್ರೋಮ್ ಹಾಕಿದರೆ ಕಬ್ಬಿಣ ಬಂದು ಎನ್‌ವಿ ಏರುತ್ತದೆ, ಶುದ್ಧ ಕ್ರೋಮಿಯಂ ಲೋಹವೇ ಬೇಕು. ಕಟಿಂಗ್ ಆಯಿಲ್ ಹತ್ತಿದ ಚೂರುಗಳಲ್ಲಿ ಗಂಧಕ ಇರುತ್ತದೆ. ಲೋಹದಲ್ಲಿ ಅದು 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಪಾಲು) ದಾಟಿದರೆ ಪೊರೆ ಪದರುಪದರಾಗಿ ಕಳಚುತ್ತದೆ.

ವ್ಯಾಕ್ಯೂಮ್ ಇಂಡಕ್ಷನ್ ಫರ್ನೇಸ್ (ಗಾಳಿ ಹೊರತೆಗೆದು ಕರಗಿಸುವ ವಿದ್ಯುತ್ ಕುಲುಮೆ) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿ ಟೈಟಾನಿಯಂ ನೈಟ್ರೈಡ್ ಆಗಿ ಕೂರುತ್ತದೆ. ಮೊದಲು ಹಾಕಬೇಕಾದ್ದು ನಿಕಲ್, ಕೋಬಾಲ್ಟ್, ಕ್ರೋಮಿಯಂ, ಭಾರ ಲೋಹಗಳು (ಟಂಗ್‌ಸ್ಟನ್, ಮಾಲಿಬ್ಡಿನಂ, ಟ್ಯಾಂಟಲಂ, ನಿಯೋಬಿಯಂ) ಮತ್ತು ಇಂಗಾಲ. ಇಂಗಾಲ ಆಮ್ಲಜನಕವನ್ನು ಹೊತ್ತು ಹೋಗುವಾಗ ಕರಗು ಕುದಿಯುತ್ತದೆ. ಆ ಗುಳ್ಳೆಗಳು ಪೂರ್ತಿ ನಿಂತ ಮೇಲೆಯೇ ಅಲ್ಯುಮಿನಿಯಂ, ಟೈಟಾನಿಯಂ. ಕಟ್ಟಕಡೆಗೆ ಜಿರ್ಕೋನಿಯಂ, ಬೋರಾನ್. ಸುಮಾರು 1450ರಲ್ಲಿ ಹೊಯ್ಯಿರಿ. ನಂತರ ಗಟ್ಟಿಯಾದ ಎರಕವನ್ನು ಮತ್ತೆ ಬಿಸಿಯಲ್ಲಿಡಬೇಕು: 1120 ಡಿಗ್ರಿಯಲ್ಲಿ 2 ಗಂಟೆ, 845ರಲ್ಲಿ 24 ಗಂಟೆ, ಎರಡಕ್ಕೂ ಗಾಳಿಯಲ್ಲೇ ಆರಿಕೆ.

ಪರೀಕ್ಷೆಗೆ ಶೇ. 75 ಸೋಡಿಯಂ ಸಲ್ಫೇಟ್, ಶೇ. 25 ಅಡುಗೆ ಉಪ್ಪು ಬೆರೆಸಿ, ಬಿಸಿ ಮಾಡಿದ ಮಾದರಿಗೆ ಸಿಂಪಡಿಸಿ, 900 ಡಿಗ್ರಿಯಲ್ಲಿಡಿ. ಮಾದರಿಯನ್ನು ಚಿಮಟದಲ್ಲೇ ಹಿಡಿಯಿರಿ, ಬೆರಳ ಬೆವರಿನಲ್ಲೂ ಉಪ್ಪಿದೆ. ತೂಕವೊಂದನ್ನೇ ನಂಬಬೇಡಿ, ಪೊರೆ ಉದುರಿದ ಕಡೆ ಅದು ದಾರಿ ತಪ್ಪಿಸುತ್ತದೆ. ಅಡ್ಡ ಕೊಯ್ದು, ಉಳಿದ ಗಟ್ಟಿ ಲೋಹದ ದಪ್ಪ ಅಳೆಯಿರಿ. ಪಾಲಿಶ್ ಮಾಡುವಾಗ ನೀರು ಬೇಡ, ಎಣ್ಣೆ ಬಳಸಿ. ನೀರು ತಾಗಿದರೆ ನೋಡಬೇಕಾದ ಸಲ್ಫೇಟೇ ಕರಗಿಹೋಗಿ ಬರೀ ಗುಳಿ ಉಳಿಯುತ್ತದೆ.