ಮೂರು ಸಂಸ್ಥೆಗಳ ನಡುವೆ ಓಡಾಡಿದ ಒಂದು ಚೀಟಿ

ತಾಯಿ, ಮಗು ಮತ್ತು ಹದಿಹರೆಯದವರ ಆರೋಗ್ಯಕ್ಕಾಗಿ ಬೇರೆ ಬೇರೆಯಾಗಿ ದುಡಿಯುತ್ತಿದ್ದ ಮೂರು ಲಾಭರಹಿತ ಸಂಸ್ಥೆಗಳು ಕೈಜೋಡಿಸಬೇಕೆಂದು ತೀರ್ಮಾನವಾದಾಗ, ಅದನ್ನು ಹೊಂದಿಸುವ ಹೊಣೆ ನನ್ನ ಪಾಲಿಗೆ ಬಂತು. ನಮ್ಮದು ಗರ್ಭಿಣಿಯರ ಮತ್ತು ಬಾಣಂತಿಯರ ಮನೆಭೇಟಿ ನಡೆಸುವ ಸಂಸ್ಥೆ. ಎರಡನೆಯದು ಹೆರಿಗೆ ಆಸ್ಪತ್ರೆ ನಡೆಸುವ ದತ್ತಿ ಸಂಸ್ಥೆ. ಮೂರನೆಯದು ಶಾಲೆಗಳಲ್ಲಿ ಹದಿಹರೆಯದವರೊಂದಿಗೆ ಕೆಲಸ ಮಾಡುವ ತಂಡ. ಇಂಥ ಸಹಭಾಗಿತ್ವಗಳು ಸಾಮಾನ್ಯವಾಗಿ ಒಡಂಬಡಿಕೆ ಪತ್ರಕ್ಕೆ ಸಹಿ ಹಾಕುವುದರಿಂದ ಆರಂಭವಾಗುತ್ತವೆ. ನಾವು ಅದನ್ನು ಕೊನೆಗೆ ಇಟ್ಟುಕೊಂಡು, ಮೊದಲು ನಮ್ಮ ಮತ್ತು ಆಸ್ಪತ್ರೆಯ ರಿಜಿಸ್ಟರ್‌ಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟೆವು. ಒಬ್ಬರೇ ಗರ್ಭಿಣಿ ಎರಡು ಕಡೆಯೂ ನೋಂದಣಿಯಾಗಿದ್ದರೂ ಅವರ ಹೆರಿಗೆಯ ನಿರೀಕ್ಷಿತ ದಿನಾಂಕ ಎರಡು ಕಡೆ ಎರಡು ಬಗೆಯಾಗಿತ್ತು. ನಾವು ನೋಡಿದ್ದ ರಕ್ತದೊತ್ತಡ ಆಸ್ಪತ್ರೆಗೆ ಗೊತ್ತಿರಲಿಲ್ಲ, ಅಲ್ಲಿ ಕೊಟ್ಟ ಮಾತ್ರೆ ನಮಗೆ ಗೊತ್ತಿರಲಿಲ್ಲ. ಸೇವೆಯ ಕೊರತೆಗಿಂತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಆಗುವ ನಷ್ಟವೇ ದೊಡ್ಡದೆಂಬುದು ನಮಗೆ ಅಲ್ಲಿ ಮನವರಿಕೆಯಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಗರ್ಭಾವಧಿಯಲ್ಲಿ ಕನಿಷ್ಠ 8 ಬಾರಿ ತಪಾಸಣೆ ಆಗಬೇಕೆಂದು ಶಿಫಾರಸು ಮಾಡಿತು. ಮೊದಲನೆಯದು 12 ವಾರಗಳೊಳಗೆ, ಕೊನೆಯದು 40ನೇ ವಾರದಲ್ಲಿ. ಇವುಗಳಲ್ಲಿ ಯಾವುದು ಆಸ್ಪತ್ರೆಯದು, ಯಾವುದು ನಮ್ಮದು ಎಂದು ಹಂಚಿಕೊಳ್ಳುವುದು ಸುಲಭವಾಗಿತ್ತು. ಕಷ್ಟವಾಗಿದ್ದು ರೆಫರಲ್ ಚೀಟಿ, ಅಂದರೆ ಗರ್ಭಿಣಿಯನ್ನು ಆಸ್ಪತ್ರೆಗೆ ಕಳಿಸುವಾಗ ಜೊತೆಗೆ ಕೊಡುವ ಚೀಟಿ. ಚೀಟಿಯ ಮೇಲ್ಭಾಗದಲ್ಲಿ ಗರ್ಭದ ವಾರ, ರಕ್ತದೊತ್ತಡ, ದಿನಾಂಕ ಸಹಿತ ಹಿಮೋಗ್ಲೋಬಿನ್, ಕಳಿಸುತ್ತಿರುವ ಕಾರಣ. ಕೆಳಭಾಗ ಹರಿದು ನಮಗೆ ಮರಳಬೇಕಾದದ್ದು, ಅದರಲ್ಲಿ ಬಿಡುಗಡೆಯ ದಿನಾಂಕ, ಮಗುವಿನ ತೂಕ, ಮುಂದೆ ಗಮನಿಸಬೇಕಾದ ಅಪಾಯದ ಲಕ್ಷಣಗಳು. ಮೇಲ್ಭಾಗ ತಪ್ಪದೆ ಹೋಗುತ್ತಿತ್ತು, ಕೆಳಭಾಗ ಮಾತ್ರ ಮರಳುತ್ತಲೇ ಇರಲಿಲ್ಲ. ಹೆರಿಗೆ ವಾರ್ಡಿನ ಹಿರಿಯ ದಾದಿಯೊಬ್ಬರು, "ಇದನ್ನೇ ಈಗಾಗಲೇ ಮೂರು ಕಡೆ ಬರೀತಿದೀವಿ ಮೇಡಂ, ನಾಲ್ಕನೇ ಸಲ ಬರೆಯೋಕೆ ಯಾರಿಗೆ ಪುರುಸೊತ್ತಿದೆ?" ಎಂದಾಗ ತರಬೇತಿ ಕೊಡುವ ಯೋಚನೆಯನ್ನು ಕೈಬಿಟ್ಟೆವು. ಬಿಡುಗಡೆ ಕಾರ್ಡಿನ ಅಡಿಗೆ ಕಾರ್ಬನ್ ಹಾಳೆ ಇಟ್ಟು, ಅದರ ನಕಲನ್ನೇ ಮರುಚೀಟಿಯಾಗಿ ಒಪ್ಪಿಕೊಂಡೆವು. ಅಂದಿನಿಂದ ಚೀಟಿಗಳು ಬರತೊಡಗಿದವು.

ಅವು ಬೇಗ ಬರುವುದೂ ಅಷ್ಟೇ ಮುಖ್ಯವಾಗಿತ್ತು. ನವಜಾತ ಶಿಶುಗಳ ಸಾವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಸಂಭವಿಸುತ್ತವೆ. ಬಾಣಂತಿಯನ್ನು ಮತ್ತು ಮಗುವನ್ನು ಹೆರಿಗೆಯಾದ 48ರಿಂದ 72 ಗಂಟೆಗಳ ನಡುವೆ, 7ರಿಂದ 14 ದಿನಗಳೊಳಗೆ ಮತ್ತು ಆರನೇ ವಾರದಲ್ಲಿ ಮತ್ತೆ ನೋಡಬೇಕೆಂಬ ಶಿಫಾರಸಿದೆ. ಹೆರಿಗೆಯಾದ ಸುದ್ದಿ ಹತ್ತನೇ ದಿನಕ್ಕೆ ತಲುಪಿದರೆ ಆ ಮೊದಲ ಭೇಟಿ ಕಾಗದದಲ್ಲಷ್ಟೇ ಉಳಿಯುತ್ತದೆ. ಹೀಗಾಗಿ ಚೀಟಿ ಕೈಸೇರುವ ಮೊದಲೇ, ಬಿಡುಗಡೆಯಾದ ದಿನವೇ ವಾರ್ಡಿನಿಂದ ನಮಗೆ ಫೋನ್ ಬರಬೇಕೆಂದು ಗೊತ್ತುಮಾಡಿಕೊಂಡೆವು.

ತಿಂಗಳ ಸಭೆಯಲ್ಲಿ ಅಂಕಿ-ಅಂಶ ಓದುವುದನ್ನು ಬಿಟ್ಟು, ತಡವಾದ ಒಂದು ಪ್ರಕರಣವನ್ನು ಆರಂಭದಿಂದ ಕೊನೆಯವರೆಗೆ ನೋಡುತ್ತಿದ್ದೆವು. ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿರುತ್ತವೆಂದು 1994ರಲ್ಲಿ ಸಂಶೋಧಕರಾದ ಥಡ್ಡಿಯಸ್ ಮತ್ತು ಮೇನ್ ವಿವರಿಸಿದ್ದರು: ಆಸ್ಪತ್ರೆಗೆ ಹೋಗುವ ನಿರ್ಧಾರದಲ್ಲಿ, ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ. ಒಮ್ಮೆ ತೀವ್ರ ತಲೆನೋವು ಮತ್ತು ಕಣ್ಣು ಮಂಜಾಗುವ ತೊಂದರೆಯಿದ್ದ ಗರ್ಭಿಣಿ ರಾತ್ರಿ ಆಸ್ಪತ್ರೆ ತಲುಪಿಯೂ ಬಹಳ ಹೊತ್ತು ಹೊರಗೇ ಕೂತಿದ್ದರು. ಕಾರಣ ಹುಡುಕುತ್ತಾ ಹೋದರೆ, ಚೀಟಿಯಲ್ಲಿ ಅಚ್ಚಾಗಿದ್ದ ಫೋನ್ ಸಂಖ್ಯೆ ಸಂಜೆ ಮುಚ್ಚುವ ಸ್ವಾಗತ ಕೌಂಟರಿನದು. ಆಮೇಲೆ ಹೆರಿಗೆ ಕೊಠಡಿಯ ಸಂಖ್ಯೆಯನ್ನೇ ಅಚ್ಚು ಹಾಕಿಸಿದೆವು. ಯಾರು ತಪ್ಪಿತಸ್ಥರು ಎಂದು ಕೇಳಬಾರದೆಂಬ ನಿಯಮ ಇಲ್ಲದಿದ್ದರೆ ಈ ಸಂಗತಿ ಹೊರಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಹದಿಹರೆಯದವರ ವಿಷಯದಲ್ಲಿ ಇದೇ ಪದ್ಧತಿ ನಡೆಯಲಿಲ್ಲ, ನಡೆಯಲೂ ಬಾರದು. ಶಾಲಾ ತಂಡದವರು ಮಕ್ಕಳ ಹೆಸರು ಹಂಚಿಕೊಳ್ಳಲು ಖಡಾಖಂಡಿತವಾಗಿ ನಿರಾಕರಿಸಿದರು, ಮತ್ತು ಅವರ ನಿಲುವು ಸರಿಯಾಗಿತ್ತು. ಮುಟ್ಟಿನ ತೊಂದರೆಯನ್ನೋ ಮನಸ್ಸಿನ ಕಳವಳವನ್ನೋ ಹೇಳಿಕೊಂಡ ಹುಡುಗಿಯ ವಿವರ, ಅವಳ ತಾಯಿಯನ್ನೂ ನೆರೆಯವರನ್ನೂ ಬಲ್ಲ ಕ್ಷೇತ್ರ ಕಾರ್ಯಕರ್ತೆಯ ಪುಸ್ತಕಕ್ಕೆ ಬಂದರೆ ಅವಳು ಮತ್ತೆ ಬಾಯಿ ಬಿಡುವುದಿಲ್ಲ. ಅವರ ಚೀಟಿಗೆ ಹೆಸರಿನ ಬದಲು ಸಂಕೇತ ಸಂಖ್ಯೆ ಕೊಟ್ಟೆವು. ಗರ್ಭಿಣಿಯರ ಸಾಲಿನಲ್ಲಿ ಕೂರಬೇಕಾಗದಂತೆ ಆಸ್ಪತ್ರೆ ಬೇರೆ ಸಮಯ ಗೊತ್ತುಮಾಡಿತು.

ಹಣದ ಮಾತು ಹೆಚ್ಚಿಲ್ಲ. ಎಣಿಕೆಯದ್ದೇ ದೊಡ್ಡ ಜಗ್ಗಾಟ. ಒಬ್ಬರೇ ತಾಯಿಯನ್ನು ಎರಡು ಸಂಸ್ಥೆಗಳೂ ತಮ್ಮ ಫಲಾನುಭವಿ ಎಂದು ದಾನಿಗಳಿಗೆ ತೋರಿಸುತ್ತಿದ್ದವು. ತಾಯಿಯನ್ನು ಮೊದಲು ನೋಂದಾಯಿಸಿದವರು ಮಾತ್ರ ಎಣಿಸಬೇಕು, ಇನ್ನೊಬ್ಬರು ತಾವು ಕೊಟ್ಟ ಸೇವೆಯನ್ನಷ್ಟೇ ಹೇಳಬೇಕು ಎಂದು ನಿರ್ಧರಿಸಿದಾಗ ಇಬ್ಬರ ಸಂಖ್ಯೆಗಳೂ ಕುಸಿದವು. ವರದಿಯ ಮೊದಲ ಪುಟದಲ್ಲೇ ಅದಕ್ಕೆ ಕಾರಣ ಬರೆದು ಕಳಿಸಿದರೂ ಒಬ್ಬ ದಾನಿ ಮುನಿಸಿಕೊಂಡರು, ಉಳಿದವರು ಒಪ್ಪಿಕೊಂಡರು.

ಒಡಂಬಡಿಕೆ ಬರೆದದ್ದು ಇಷ್ಟೆಲ್ಲ ಆದ ಮೇಲೆ. ನಾನು ಪಟ್ಟು ಹಿಡಿದು ಸೇರಿಸಿದ ಷರತ್ತು ಒಂದೇ: ಯಾವ ಸಂಸ್ಥೆ ಹೊರನಡೆದರೂ ಮುಂಚಿತವಾಗಿ ತಿಳಿಸಬೇಕು; ತಾಯಂದಿರ ಜೊತೆ ಕೆಲಸ ಮಾಡುವ ಸಂಸ್ಥೆಯಾದರೆ, ಆವರೆಗೆ ನೋಂದಣಿಯಾದ ಗರ್ಭಿಣಿಯರ ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಹೆರಿಗೆಯ ದಿನಾಂಕದ ಕ್ರಮದಲ್ಲಿ ಉಳಿದವರಿಗೆ ಒಪ್ಪಿಸಬೇಕು.